ನಮ್ಮೂರ ಬ್ಯಾಂಕ್ ಬ್ರಾಂಚಿನ ಕಥೆ: ಅಲ್ಲಿ ಕೆಲಸ ಮಾಡಿದವರು, ಗೊತ್ತಿದ್ದವರು ಬರೆಯಿರಿ

ರಥಬೀದಿ:
ನಮ್ಮೂರ ಬ್ರಾಂಚನ್ನು ಎದುರಿನ ಬ್ರಾಂಚಿಗೆ ಸೇರಿಸುತ್ತಿದ್ದಾರೆ. ನೋಟಿಸ್ ಅಂಟಿಸಿ ಆಗಿದೆ. ಎರಡು ಬ್ಯಾಂಕ್ ಒಂದಾದ ಮೇಲೆ ರಸ್ತೆಯ ಆಚೆ ಒಂದು, ಈಚೆ ಒಂದು ಯಾಕೆ ಅಂತ ಮೇಲಿನವರ ಲೆಕ್ಕ. ಲೆಕ್ಕ ಸರಿಯೇ ಇರಬಹುದು, ಅದರ ಮೇಲೆ ಜಗಳ ಮಾಡೋಕೆ ಇದನ್ನು ಬರೆಯುತ್ತಿಲ್ಲ. ಬ್ಯಾಂಕಿನ ಹೆಸರನ್ನೂ ಬೇಕಂತಲೇ ಹಾಕಿಲ್ಲ, ಈಗ ಅಲ್ಲಿ ಕೆಲಸ ಮಾಡುವವರಿಗೆ ಸುಮ್ನೆ ತಲೆನೋವು ಬೇಡ. ಊರಿನವರಿಗೆ ಯಾವುದು ಅಂತ ಗೊತ್ತೇ ಇದೆ.

ನನಗೆ ಬೇಕಾದ್ದು ಆ ಬ್ರಾಂಚಿನಲ್ಲಿ ಕೂತಿದ್ದವರ ಕಥೆ. ದೊಡ್ಡ ಚರಿತ್ರೆ ಎಲ್ಲ ಕಡೆ ಸಿಗುತ್ತದೆ. 1906ರ ಮಾರ್ಚ್ 12ಕ್ಕೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಜುಲೈ 1ಕ್ಕೆ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಹಿಂದೂ ಪರ್ಮನೆಂಟ್ ಫಂಡ್, ಈಗಿನ ಕೆನರಾ ಬ್ಯಾಂಕ್. 1924ಕ್ಕೆ ಕರ್ಣಾಟಕ ಬ್ಯಾಂಕ್, 1925ಕ್ಕೆ ಉಡುಪಿಯಲ್ಲೇ ಸಿಂಡಿಕೇಟ್, 1931ಕ್ಕೆ ಎ. ಬಿ. ಶೆಟ್ಟರ ವಿಜಯಾ ಬ್ಯಾಂಕ್. ಎಲ್ಲವೂ ಹಳೇ ದಕ್ಷಿಣ ಕನ್ನಡ ಜಿಲ್ಲೆ ಒಂದರಲ್ಲೇ. 2019ರ ಏಪ್ರಿಲ್ 1ಕ್ಕೆ ವಿಜಯಾ ಹೋಗಿ ಬರೋಡಾ ಸೇರಿತು, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಐದರಲ್ಲಿ ಹಳೇ ಹೆಸರಿನ ಬೋರ್ಡು ಉಳಿದಿದ್ದು ಎರಡರದ್ದೇ.

ಈ ಬರಹಗಳಲ್ಲೆಲ್ಲ ಸ್ಥಾಪಕರ ಹೆಸರಿದೆ, ಬಂಡವಾಳ ಎಷ್ಟು ಅಂತ ಇದೆ. ಕೌಂಟರಿನ ಹಿಂದೆ ಯಾರಿದ್ದರು ಅಂತ ಒಂದು ಸಾಲೂ ಇಲ್ಲ. ನನ್ನ ಪ್ರಕಾರ ಬ್ರಾಂಚ್ ನಡೆಸಿದ್ದು ಅವರೇ. ದಯವಿಟ್ಟು ಯಾರ ಹೆಸರೂ ಹಾಕಬೇಡಿ, ಕೆಲಸದ ಹೆಸರಲ್ಲೇ ಬರೆಯಿರಿ.

ಹಳೇ ಕ್ಯಾಷಿಯರ್:
ನಾನು ಅಲ್ಲಿಗೆ ಸೇರಿದ್ದು ಎಪ್ಪತ್ತರ ದಶಕದಲ್ಲಿ. ನೇಮಕಾತಿ ಬೋರ್ಡು, ಪರೀಕ್ಷೆ ಅಂತೆಲ್ಲ ಬರುವುದಕ್ಕೆ ಮುಂಚೆ. ಇಂಟರ್‌ವ್ಯೂನಲ್ಲಿ ಕೇಳಿದ್ದು ಕೂಡುವ ಲೆಕ್ಕ, ಅಕ್ಷರ ಹೇಗಿದೆ ಅಂತ ನೋಡಿದರು, ಆಮೇಲೆ ಮನೆ ಯಾವುದು ಅಂತ ಕೇಳಿದರು. ಕೊನೆಯದೇ ಮುಖ್ಯ ಆಗಿತ್ತು ಅಂತ ನಿಮಗೂ ಗೊತ್ತು.

ಬ್ರಾಂಚ್ ಆಗ ಒಂದು ಹಂಚಿನ ಮನೆ. ಮುಂದಿನ ಜಗುಲಿಗೆ ಮರದ ತಡೆ ಹಾಕಿ ಕೌಂಟರ್ ಮಾಡಿದ್ದರು. ಒಳಗಿನ ಕೋಣೆ ಸ್ಟ್ರಾಂಗ್ ರೂಮ್. ತಿಜೋರಿಗೆ ಎರಡು ಕೀ, ಒಂದು ನನ್ನ ಹತ್ತಿರ, ಒಂದು ಮ್ಯಾನೇಜರ್ ಹತ್ತಿರ. ಇಬ್ಬರೂ ಇಲ್ಲದೆ ಅದು ತೆರೆಯುವುದಿಲ್ಲ. ಇದರ ಅರ್ಥ ಏನು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಾನು ರಜೆ ಹಾಕಬೇಕಾದರೆ ಕೀ ಇನ್ನೊಬ್ಬರಿಗೆ ಬರೆದು ಕೊಟ್ಟು, ಪೂರ್ತಿ ಕ್ಯಾಷ್ ಎಣಿಸಿ ಒಪ್ಪಿಸಿ, ರಿಜಿಸ್ಟರಿನಲ್ಲಿ ಸಹಿ ಆಗಬೇಕು. ಮದುವೆ ಮುಂಜಿಗೆ ಹೋಗಿ ಅಲ್ಲೇ ಉಳಿಯುವುದು ಅಂತ ಇರಲಿಲ್ಲ.

ಬ್ಯಾಲೆನ್ಸಿಂಗ್ ಬಗ್ಗೆ ಒಂದು ವಿಷಯ ಹೇಳುತ್ತೇನೆ, ಈಗಿನ ಹುಡುಗರಿಗೆ ಇದು ಗೊತ್ತಿಲ್ಲ. ಲೆಡ್ಜರಿನ ಎಲ್ಲ ಖಾತೆಗಳ ಮೊತ್ತ ಕೂಡಿದರೆ ಜನರಲ್ ಲೆಡ್ಜರಿನ ಮೊತ್ತಕ್ಕೆ ಸರಿ ಬರಬೇಕು. ಬರುತ್ತಿರಲಿಲ್ಲ. ಆಗ ಮೊದಲು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುವುದು. ಪೂರ್ತಿ ಭಾಗ ಹೋದರೆ ಯಾರೋ ಅಂಕಿ ತಿರುಗಿಸಿ ಬರೆದಿರಬಹುದು ಅಂತ. 85 ಬರೆಯುವಲ್ಲಿ 58 ಬರೆದರೆ ವ್ಯತ್ಯಾಸ 27, ಒಂಬತ್ಮೂರಲೆ. ಹೋಗದಿದ್ದರೆ ವ್ಯತ್ಯಾಸದ ಅರ್ಧ ಮಾಡಿ ಆ ಮೊತ್ತದ ವೋಚರ್ ಹುಡುಕುವುದು, ಜಮಾ ಆಗಬೇಕಾದ್ದು ಖರ್ಚಿಗೆ ಬಿದ್ದಿರುತ್ತದೆ. ಎರಡೂ ಸಿಗದಿದ್ದರೆ ಪ್ರತಿ ಪುಟ ಟಿಕ್ ಹಾಕುತ್ತಾ ಹೋಗುವುದು, ಬೇರೆ ದಾರಿ ಇಲ್ಲ. ನಮ್ಮ ಹೆಡ್ ಕ್ಲರ್ಕ್ ಒಬ್ಬರು ಪೆನ್ಸಿಲ್ ಇಲ್ಲದೆ, ಬೆರಳನ್ನು ಪುಟದ ಮೇಲಿಂದ ಕೆಳಗೆ ಜಾರಿಸುತ್ತಾ, ರೂಪಾಯಿ ಪೈಸೆ ಎರಡೂ ಕಾಲಂ ಒಟ್ಟಿಗೆ ಕೂಡುತ್ತಿದ್ದರು. ಮಧ್ಯೆ ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತುತ್ತಿದ್ದರು, ನಿಲ್ಲಿ ಅಂತ.

ಡಿಸೆಂಬರ್ 31ರ ಕ್ಲೋಸಿಂಗ್ ಅಂದ್ರೆ ಊರಿಗೇ ಗೊತ್ತಾಗುತ್ತಿತ್ತು. ಆಗ ಬ್ಯಾಂಕಿನ ವರ್ಷ ಮುಗಿಯುತ್ತಿದ್ದುದು ಡಿಸೆಂಬರಿಗೆ, ಮಾರ್ಚ್ 31 ಅಂತ ಆಗಿದ್ದು 1989ರಿಂದ. ರಾತ್ರಿ ಬ್ರಾಂಚಿನಲ್ಲಿ ದೀಪ ಉರಿಯುತ್ತಿತ್ತು. ಪಕ್ಕದ ಹೋಟೆಲಿನವರು ಅವತ್ತು ಮಾತ್ರ ತಡವಾಗಿ ಬಾಗಿಲು ಹಾಕುತ್ತಿದ್ದರು.

ಕೋಡಿ ಕನ್ಯಾನ:
ಹಿತ್ತಾಳೆ ಟೋಕನ್ ಮರೆತಿರಾ ರಾಯರೇ? ಚೆಕ್ ಕೊಟ್ಟರೆ ನಂಬರ್ ಇರುವ ಬಿಲ್ಲೆ ಕೊಡುತ್ತಿದ್ದರು. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಪೇಟೆಗೆ ಹೋಗಿ ಬರುತ್ತಿದ್ದರು. ನಮ್ಮ ನಂಬರ್ ಕೂಗಿದಾಗ ನಾನು ಹೆದರಿ ಸುಮ್ಮನೆ ಕೂತಿದ್ದೆ, ನಿಮ್ಮ ಹಾಗೇ ಇದ್ದ ಒಬ್ಬರು ಒಳಗಿಂದ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು, ಅಪ್ಪ ಬರುವ ತನಕ.

ಪಿಗ್ಮಿಯವರ ಮಗಳು:
ನಮ್ಮ ಅಪ್ಪ ಆ ಬ್ರಾಂಚಿನ ಪಿಗ್ಮಿ ಏಜೆಂಟ್. ಅದಕ್ಕೇ ಸಿಬ್ಬಂದಿ ಅಂದಾಗ ನಿಮ್ಮಲ್ಲಿ ಎಷ್ಟು ಜನಕ್ಕೆ ಅವರ ನೆನಪು ಬರುತ್ತದೆ ಅಂತ ನೋಡುತ್ತಾ ಇದ್ದೆ. ಇಷ್ಟು ಹೊತ್ತು ಯಾರೂ ಹೇಳಲಿಲ್ಲ.

ಪಿಗ್ಮಿ ಹುಟ್ಟಿದ್ದು ಉಡುಪಿಯಲ್ಲೇ, 1928ರಲ್ಲಿ, ಸಿಂಡಿಕೇಟಿನಲ್ಲಿ. ಕೈಮಗ್ಗದವರು ಕಷ್ಟದಲ್ಲಿದ್ದ ಕಾಲ. ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು 8000 ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ ಬ್ಯಾಂಕ್ ಅದು. ದಿನಕ್ಕೆ ಎರಡಾಣೆ, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ಆಮೇಲೆ ಬೇರೆ ಬ್ಯಾಂಕಿನವರೂ ಸೊಸೈಟಿಯವರೂ ಅದನ್ನೇ ಹಿಡಿದರು.

ಅಪ್ಪನ ದಾರಿ ನನಗೆ ಈಗಲೂ ಬಾಯಿಪಾಠ. ಬೆಳಿಗ್ಗೆ ಮೀನು ಮಾರ್ಕೆಟ್, ಯಾಕಂದ್ರೆ ಮೀನು ಮಾರುವವರ ಕೈಯಲ್ಲಿ ದುಡ್ಡು ಇರುವುದು ಆಗಲೇ. ಆಮೇಲೆ ಬಸ್ ಸ್ಟ್ಯಾಂಡಿನ ಹೂವಿನವರು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚು, ಸೆಲೂನು, ಟೈಲರ್. ಹೋಟೆಲ್ ಕೊನೆಗೆ, ಊಟದ ಹೊತ್ತು ಮುಗಿದ ಮೇಲೆ. ಕಾರ್ಡಿನಲ್ಲಿ ಬರೆದು ಸಹಿ ಹಾಕಿ ಕೊಡಬೇಕು. ಮೀನಿನವರು ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಆದರೂ ಒದ್ದೆ ಆಗುತ್ತಿತ್ತು, ಅಪ್ಪ ರಾತ್ರಿ ಕೂತು ಹೊಸ ಕಾರ್ಡಿಗೆ ಇಳಿಸುತ್ತಿದ್ದರು. ಮಳೆಗಾಲದಲ್ಲಿ ದೋಣಿ ಇಳಿಯದ ತಿಂಗಳುಗಳಲ್ಲಿ ಯಾರ ಹತ್ತಿರವೂ ಕೊಡಲು ಇರುತ್ತಿರಲಿಲ್ಲ. ಅಪ್ಪ ಸುಮ್ಮನೆ ಹೋಗಿ ಮಾತಾಡಿಸಿ ಬರುತ್ತಿದ್ದರು. ಯಾಕೆ ಅಂತ ಅಮ್ಮ ಕೇಳಿದರೆ, ಈಗ ಹೋಗದಿದ್ದರೆ ಆಗಸ್ಟಿನಲ್ಲಿ ಕೊಡುವುದಿಲ್ಲ ಅಂತಿದ್ದರು.

ಮ್ಯಾನೇಜರ್ ಯಾರಿಗಾದರೂ ಸಾಲ ಕೊಡುವ ಮುಂಚೆ ಅಪ್ಪನನ್ನು ಒಳಗೆ ಕರೆದು ಕೇಳುತ್ತಿದ್ದರು. ಅವನು ಹೇಗೆ, ದಿನಾ ಕಟ್ಟುತ್ತಾನಾ ಅಂತ. ಬ್ಯಾಂಕಿಗೆ ಬೇಕಾದ್ದೆಲ್ಲ ಅಪ್ಪನಿಗೆ ಗೊತ್ತಿತ್ತು. ಆದರೆ ಅವರಿಗೆ ಸಂಬಳ ಇಲ್ಲ, ಕಮಿಷನ್ ಮಾತ್ರ. ಬ್ರಾಂಚಿನ ಗ್ರೂಪ್ ಫೋಟೋದಲ್ಲಿ ಒಂದು ಮೂಲೆಯಲ್ಲಿ ನಿಂತಿದ್ದಾರೆ. ಏಜೆಂಟರೂ ಕೆಲಸಗಾರರೇ ಅಂತ ಕೇಸು ನಡೆದೂ ನಡೆದೂ 2001ರಲ್ಲಿ ಸುಪ್ರೀಂ ಕೋರ್ಟ್ ಹೌದು ಅಂತು. ಅಷ್ಟು ಹೊತ್ತಿಗೆ ಅಪ್ಪನಿಗೆ ನಡೆಯಲು ಆಗುತ್ತಿರಲಿಲ್ಲ.

ರಥಬೀದಿ:
ಅಕ್ಕ, ಆ ಫೋಟೋ ಇದ್ದರೆ ದಯವಿಟ್ಟು ಹಾಕಿ.

ಗದ್ದೆಬದಿ:
ಎಲ್ಲ ಚೆನ್ನಾಗಿದೆ. ಆದರೆ ಒಂದು ಮಾತು. ನೀವೆಲ್ಲ ಹೇಳುವ ಆ ಹಂಚಿನ ಮನೆಯ ಜಗುಲಿಗೆ ನಮ್ಮ ಅಜ್ಜ ಹತ್ತಿದವರಲ್ಲ. ಗೇಣಿಗೆ ಗದ್ದೆ ಮಾಡುತ್ತಿದ್ದವರು. ಅಡವು ಇಡಲು ಜಾಗ ಅವರದ್ದಲ್ಲ, ಬಂಗಾರ ಮೊದಲೇ ಇಲ್ಲ. ಬ್ಯಾಂಕಿಗೆ ಹೋಗಿ ಏನು ಮಾಡುತ್ತಾರೆ? ಧಣಿಗಳ ಮನೆಯಿಂದಲೇ ಭತ್ತ ಸಾಲ ತಂದು ಕೊಯ್ಲಿಗೆ ತೀರಿಸುವುದು, ಅಷ್ಟೇ ಗೊತ್ತಿದ್ದದ್ದು.

ನಮ್ಮ ಮನೆಯವರು ಆ ಬಾಗಿಲು ದಾಟಿದ್ದಕ್ಕೆ ಎರಡು ಕಾರಣ. ಒಂದು, 1969ರ ಜುಲೈ 19, ಹದಿನಾಲ್ಕು ಬ್ಯಾಂಕ್ ಸರ್ಕಾರದ್ದಾಯಿತು. ಎರಡು, ದೇವರಾಜ ಅರಸು ಕಾಲದ ಭೂಸುಧಾರಣೆ, 1974. ಗದ್ದೆ ಮಾಡುವವರು ನಾವು ಅಂತ ಡಿಕ್ಲರೇಷನ್ ಹಾಕಿ, ಭೂನ್ಯಾಯ ಟ್ರಿಬ್ಯೂನಲ್ಲಿಗೆ ಅಲೆದು, ಗದ್ದೆ ನಮ್ಮ ಹೆಸರಿಗೆ ಆಯಿತು. ಆ ಜಾಗ ಮಾರುವ ಹಾಗಿರಲಿಲ್ಲ, ಆದರೆ ಬ್ಯಾಂಕಿಗೆ ಅಡವು ಇಟ್ಟು ಸಾಲ ತೆಗೆಯಬಹುದಿತ್ತು. ಅಪ್ಪ ಪಂಪ್‌ಸೆಟ್ಟಿಗೆ ತೆಗೆದರು. ಎರಡನೇ ಬೆಳೆ ಬೆಳೆದರು, ಅಡಿಕೆ ಸಸಿ ಇಟ್ಟರು. ಅಜ್ಜ ಆಗಲೂ ಬ್ರಾಂಚಿನ ಒಳಗೆ ಬರಲಿಲ್ಲವಂತೆ, ಹೊರಗೆ ಗೇಟಿನ ಹತ್ತಿರ ನಿಂತಿದ್ದರಂತೆ.

ಹಾಗಾಗಿ ಹಳೇ ಬ್ಯಾಂಕ್ ಅಂದ್ರೆ ಮನೆ ಇದ್ದ ಹಾಗೆ ಅಂತ ಬರೆಯುವಾಗ, ಯಾರ ಮನೆ ಅಂತಲೂ ಬರೆಯಿರಿ.

ಕೋಡಿ ಕನ್ಯಾನ:
ಅಷ್ಟು ಸಿಟ್ಟು ಬೇಡ ಮಾರಾಯ್ರೇ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲೇ ಹೊರಡಿಸಿದ ಮನವಿಯಲ್ಲಿ ಜಾತಿ ಮತ ನೋಡದೆ ಎಲ್ಲರಿಗೂ ಉಳಿತಾಯದ ಅಭ್ಯಾಸ ಆಗಲಿ ಅಂತ ಇದೆ. ಮೊದಲ ದಿನ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಇದು ಧಣಿಗಳ ದುಡ್ಡಿನ ಹಾಗೆ ಕಾಣುತ್ತಾ?

ಗದ್ದೆಬದಿ:
ಸಿಟ್ಟು ಇಲ್ಲ. ಸಾಹೇಬರ ಬಗ್ಗೆ ಗೌರವ ಇದೆ. ಆದರೆ ಮನವಿ ಬರೆಯುವವರು ಬೇರೆ, ಕೌಂಟರಿನಲ್ಲಿ ಕೂತು ಯಾರ ಮಗ ನೀನು ಅಂತ ಕೇಳುವವರು ಬೇರೆ.

ಹಳೇ ಕ್ಯಾಷಿಯರ್:
ಗದ್ದೆಬದಿಯವರು ಹೇಳಿದ್ದು ನಿಜ. ಒಂದೊಂದು ಬ್ಯಾಂಕಿನ ಹಿಂದೆ ಒಂದೊಂದು ಸಮಾಜ ಇತ್ತು, ಸಿಬ್ಬಂದಿಯೂ ಹಾಗೇ ಬಂದರು. ನಾನೂ ಹಾಗೇ ಬಂದವನು. ಪರಿಚಯದ ಮೇಲೆ ಸಾಲ ಕೊಡುವುದು ಅಂದರೆ ಪರಿಚಯ ಇಲ್ಲದವನಿಗೆ ಕೊಡದಿರುವುದು ಅಂತಲೂ ಆಗುತ್ತದೆ. ಮೀಸಲಾತಿಯಲ್ಲಿ ಮೊದಲ ಹುಡುಗ ನಮ್ಮ ಬ್ರಾಂಚಿಗೆ ಬಂದಾಗ ಟಿಫಿನ್ ಕೋಣೆಯಲ್ಲಿ ಒಂದಿಬ್ಬರು ಬೇರೆ ಹೊತ್ತಿಗೆ ಊಟ ಮಾಡಲು ಶುರು ಮಾಡಿದರು. ಅದನ್ನು ನಾನು ನೋಡಿದ್ದೇನೆ. ಆ ಹುಡುಗ ಮುಂದೆ ಅದೇ ಬ್ರಾಂಚಿಗೆ ಮ್ಯಾನೇಜರ್ ಆಗಿ ಬಂದ. ಟಿಫಿನ್ ಕೋಣೆಯ ಗೋಡೆ ಒಡೆಸಿ ಗ್ರಾಹಕರು ಕೂರುವ ಜಾಗ ಮಾಡಿಸಿದ. ಜಾಗ ಸಾಲುತ್ತಿರಲಿಲ್ಲ ಅಂತ ಕಾರಣ ಕೊಟ್ಟ.

ಫೀಲ್ಡ್ ಆಫೀಸರ್ ನಿವೃತ್ತ:
ನಾನು ಅಲ್ಲಿ ಇದ್ದದ್ದು ಎಂಬತ್ತರ ದಶಕದಲ್ಲಿ. ಹಳ್ಳಿ ಸುತ್ತುತ್ತಿದ್ದುದು ಬೈಕಿನಲ್ಲಿ. ಬುಲೆಟ್ ಅಂತ ತಿಳಿಯಬೇಡಿ, ಬ್ಯಾಂಕಿನ ಸಾಲದಲ್ಲೇ ತೆಗೆದ ಹಳೇ ರಾಜದೂತ್.

ಆಗ ಬಡವರಿಗೆ ಶೇಕಡಾ 4 ಬಡ್ಡಿಯ ಡಿಆರ್‌ಐ ಸಾಲ ಇತ್ತು, ಹಳ್ಳಿಯ ಬಡವರಿಗೆ ಸಬ್ಸಿಡಿ ಸೇರಿಸಿ ಸಾಲ ಕೊಡುವ ಸರ್ಕಾರದ ಯೋಜನೆ ಐಆರ್‌ಡಿಪಿ ಇತ್ತು. ಐಆರ್‌ಡಿಪಿ ಅಂದ್ರೆ ಅರ್ಧ ಜನಕ್ಕೆ ಎಮ್ಮೆ, ಉಳಿದವರಿಗೆ ಹೊಲಿಗೆ ಯಂತ್ರ. ಎಮ್ಮೆಗೆ ವಿಮೆ ಮಾಡಿ ಕಿವಿಗೆ ಬಿಲ್ಲೆ ಹೊಡೆಯುತ್ತಿದ್ದರು. ಎಮ್ಮೆ ಸತ್ತರೆ ಬಿಲ್ಲೆ ತಂದು ತೋರಿಸಿದರೆ ಮಾತ್ರ ವಿಮೆ ಹಣ. ನನ್ನ ಡ್ರಾಯರಿನಲ್ಲಿ ಯಾವಾಗಲೂ ಕಾಗದದಲ್ಲಿ ಸುತ್ತಿದ ನಾಲ್ಕಾರು ಬಿಲ್ಲೆ ಇರುತ್ತಿತ್ತು. ಕೆಲವರು ಬಿಲ್ಲೆ ಕಿವಿ ಸಮೇತ ತರುತ್ತಿದ್ದರು. ಮಳೆಗಾಲದಲ್ಲಿ ಒಮ್ಮೆ ಶನಿವಾರ ಸಂಜೆ ಬಂದದ್ದನ್ನು ಯಾರೋ ನನ್ನ ಡ್ರಾಯರಿಗೆ ಹಾಕಿ ಬೀಗ ಹಾಕಿದ್ದರು. ಸೋಮವಾರದ ಕಥೆ ಬರೆಯುವುದಿಲ್ಲ.

ಬಿಲ್ಲೆ ಬಂತು, ಎಮ್ಮೆ ಮಾತ್ರ ಸತ್ತಿಲ್ಲ, ಪಕ್ಕದ ಊರಲ್ಲಿ ಹಾಲು ಕೊಡುತ್ತಾ ಇದೆ ಅಂತಲೂ ಆಗುತ್ತಿತ್ತು. ಅದನ್ನು ಕಂಡುಹಿಡಿಯಲು ಪಿಗ್ಮಿಯವರನ್ನೇ ಕೇಳಬೇಕಿತ್ತು. ಪಿಗ್ಮಿಯವರ ಮಗಳು ಹೇಳಿದ್ದು ನೂರಕ್ಕೆ ನೂರು ಸರಿ.

ಜನಾರ್ದನ ಪೂಜಾರಿಯವರು ಹಣಕಾಸು ರಾಜ್ಯ ಸಚಿವರಾಗಿದ್ದಾಗ ಸಾಲ ಮೇಳಗಳು. ಮೈದಾನದಲ್ಲಿ ಶಾಮಿಯಾನ, ನಾವು ಮೇಜು ಹಾಕಿ ಕೂರುವುದು, ಸಂಜೆ ಒಳಗೆ ಎಲ್ಲರಿಗೂ ಚೆಕ್. ನಮಗೆ ಆಗ ತುಂಬಾ ಬೇಜಾರಿತ್ತು, ಪರಿಶೀಲನೆಗೆ ಸಮಯ ಇಲ್ಲ ಅಂತ. ಅದರಲ್ಲಿ ಮುಳುಗಿದ ಸಾಲ ಜಾಸ್ತಿ. ಆದರೆ ಅವತ್ತು ಅಲ್ಲಿ ಸಾಲ ತೆಗೆದು ಬೆಳೆದವರೂ ಇದ್ದಾರೆ, ಆಟೋ ತೆಗೆದವರು, ಅಂಗಡಿ ಇಟ್ಟವರು. ಇವರಿಗೆ ಬ್ರಾಂಚಿನ ಒಳಗೆ ಬಂದು ಕೇಳುವ ಧೈರ್ಯ ಇರಲಿಲ್ಲ. ಹಾಗಾಗಿ ನಾನು ಈಗ ಮೇಳವನ್ನು ಬೈಯುವುದಿಲ್ಲ. 1990ರ ಸಾಲ ಮನ್ನಾ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. ಹತ್ತು ಸಾವಿರದ ವರೆಗಿನ ಬಾಕಿ ಹೋಯಿತು. ಅದಕ್ಕೆ ಮುಂಚೆ ಹೆಂಡತಿಯ ಬಳೆ ಮಾರಿ ಕಂತು ಕಟ್ಟಿದವನು ಬಂದು ನನ್ನ ಮೇಜಿನ ಮುಂದೆ ನಿಂತು, ಏನು ಸಾರ್, ನಾನು ದಡ್ಡನಾ ಅಂತ ಕೇಳಿದ. ಏನು ಹೇಳುವುದು?

ಬೊಂಬಾಯಿ ವಾಪಸ್:
ನಾವು ಹೋಟೆಲ್ ಕೆಲಸಕ್ಕೆ ಬೊಂಬಾಯಿಗೆ ಹೋದವರು. ಮಾಟುಂಗಾದಿಂದ ಊರಿಗೆ ಡ್ರಾಫ್ಟ್ ಕಳಿಸುತ್ತಿದ್ದೆವು. ಅಮ್ಮನಿಗೆ ಓದಲು ಬಾರದು. ಡ್ರಾಫ್ಟಿನ ಜೊತೆ ಬಂದ ಕಾಗದವನ್ನೂ ಬ್ರಾಂಚಿಗೇ ತೆಗೆದುಕೊಂಡು ಹೋಗಿ ಓದಿಸುತ್ತಿದ್ದಳಂತೆ. ಹಾಗಾಗಿ ನಾನು ಕಾಗದದಲ್ಲಿ ಏನು ಬರೆದರೂ ಆ ಕ್ಲರ್ಕಿಗೆ ಮೊದಲು ಗೊತ್ತಾಗುತ್ತಿತ್ತು. ನನ್ನ ಮದುವೆಗೆ ಹುಡುಗಿ ನೋಡಿದ್ದೂ ಅವರೇ. ನಗಬೇಡಿ.

ಇನ್ನೊಂದು. ಉಳಿತಾಯ ಖಾತೆಗೆ 10ನೇ ತಾರೀಕಿನ ಒಳಗೆ ಹಾಕಿ, ತಿಂಗಳ ಕೊನೆ ತನಕ ತೆಗೆಯಬೇಡಿ ಅಂತ ಅಮ್ಮನಿಗೆ ಅವರೇ ಹೇಳಿಕೊಟ್ಟಿದ್ದರು. ಆಗ ಬಡ್ಡಿ ಲೆಕ್ಕ ಆ ದಿನಗಳ ನಡುವಿನ ಕನಿಷ್ಠ ಮೊತ್ತಕ್ಕೆ. 2010ರ ಏಪ್ರಿಲಿನಿಂದ ದಿನದ ಲೆಕ್ಕ ಬಂತು. ಅಮ್ಮ ಸಾಯುವ ತನಕ 10ನೇ ತಾರೀಕು ಬಿಡಲಿಲ್ಲ.

ಮೊದಲ ಲೇಡಿ ಕ್ಲರ್ಕ್:
ಆ ಕಾಗದ ಓದುತ್ತಿದ್ದವಳು ನಾನು. ಹುಡುಗಿ ಚೆನ್ನಾಗಿದ್ದಾಳಾ?

ನಾನು ಬಂದಾಗ ಬ್ರಾಂಚಿನಲ್ಲಿ ಹೆಂಗಸರಿಗೆ ಬೇರೆ ಟಾಯ್ಲೆಟ್ ಇರಲಿಲ್ಲ. ಬೆಂಗಳೂರಿನ ಶೇಷಾದ್ರಿಪುರದಲ್ಲಿ ಸಿಂಡಿಕೇಟಿನವರು ಹೆಂಗಸರೇ ನಡೆಸುವ ಬ್ರಾಂಚನ್ನು 1962ರಲ್ಲೇ ಮಾಡಿದ್ದರು, ನಾವು ಅದನ್ನು ಹೇಳಿ ಹೇಳಿ ಟಾಯ್ಲೆಟ್ ಮಾಡಿಸಿಕೊಂಡದ್ದು. ಮಧ್ಯಾಹ್ನ ಹಿಂದಿನ ಮನೆಯವರ ಹತ್ತಿರ ಹೋಗುತ್ತಿದ್ದೆ, ಅವರು ಬಾಗಿಲು ತೆರೆದಿಟ್ಟೇ ಇರುತ್ತಿದ್ದರು.

ನಾನು ಬಂದ ಮೇಲೆ ಹೆಂಗಸರ ಖಾತೆ ಜಾಸ್ತಿ ಆಯಿತು, ಅದು ನಿಜ. ಬೀಡಿ ಕಟ್ಟುವವರು ಗಂಡನಿಗೆ ಗೊತ್ತಾಗದ ಹಾಗೆ ಖಾತೆ ಮಾಡಿಸುತ್ತಿದ್ದರು. ಪಾಸ್‌ಬುಕ್ ಮನೆಗೆ ಒಯ್ಯುವ ಹಾಗಿಲ್ಲ. ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ನಿಯಮದಲ್ಲಿ ಇದಕ್ಕೆ ಜಾಗ ಇಲ್ಲ, ಇನ್ಸ್‌ಪೆಕ್ಷನ್ ಬಂದಾಗ ಅಟೆಂಡರ್ ಅದನ್ನು ಚಹಾ ಫ್ಲಾಸ್ಕಿನ ಚೀಲದಲ್ಲಿ ಹಾಕಿ ಹೊರಗೆ ನಡೆಯುತ್ತಿದ್ದರು. ಈಗ ರಿಟೈರ್ ಆಗಿದ್ದೇನೆ, ಹೇಳಬಹುದು ಅಲ್ವಾ.

ಕಂಪ್ಯೂಟರ್ ಬಂದ ಕಾಲವನ್ನೂ ಯಾರಾದರೂ ಬರೆಯಿರಿ. ಯೂನಿಯನ್ ಜೊತೆ ಮೊದಲ ಒಪ್ಪಂದ ಆಗಿದ್ದು 1983ರಲ್ಲಿ, ನಮ್ಮಲ್ಲಿಗೆ ಮೆಷಿನ್ ಬಂದಾಗ ತೊಂಬತ್ತರ ದಶಕ. ಆದರೆ ನನ್ನ ಮಟ್ಟಿಗೆ ಬ್ರಾಂಚ್ ಬದಲಾದದ್ದು ಮೆಷಿನ್‌ನಿಂದ ಅಲ್ಲವೇ ಅಲ್ಲ. 2000–01ರ ವಿಆರ್‌ಎಸ್‌ನಿಂದ, ಅಂದ್ರೆ ಸ್ವಯಂ ನಿವೃತ್ತಿ ಯೋಜನೆಯಿಂದ. ಒಳ್ಳೇ ಮೊತ್ತ ಸಿಗುತ್ತದೆ ಅಂತ ಅನುಭವ ಇದ್ದವರೆಲ್ಲ ಒಂದೇ ಸಲ ಹೊರಟರು. ಮರುದಿನ ಅಡವಿನ ಬಂಗಾರದ ಚೀಟಿ ಯಾವ ಕಪಾಟಿನಲ್ಲಿ ಅಂತ ಹೇಳುವವರಿಲ್ಲ.

ಗುಲ್ಬರ್ಗಾದಿಂದ ಬಂದವ:
ಸರ್, ಮೇಡಂ, ನಾನು ಈಗ ಅದೇ ಬ್ರಾಂಚಿನಲ್ಲಿ ಆಫೀಸರ್. ಐಬಿಪಿಎಸ್ ಪರೀಕ್ಷೆ ಬರೆದು ಬಂದವನು. ಹೆಸರು ಬೇಡ ಅಂದದ್ದು ಒಳ್ಳೇದಾಯಿತು.

ನಿಮ್ಮದನ್ನೆಲ್ಲ ಓದಿ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನೀವು ಒಂದೇ ಬ್ರಾಂಚಿನಲ್ಲಿ ಹತ್ತಾರು ವರ್ಷ ಇದ್ದಿರಿ. ನಮಗೆ ಮೂರು ವರ್ಷಕ್ಕೆ ಟ್ರಾನ್ಸ್‌ಫರ್. ಜನರ ಮುಖ ಪರಿಚಯ ಆಗುವಷ್ಟರಲ್ಲಿ ಆರ್ಡರ್ ಬರುತ್ತದೆ. ಕನ್ನಡವೇ ಬಾರದ ಸಹೋದ್ಯೋಗಿಗಳಿಗೆ ಬೈಯುತ್ತಾರೆ, ನನಗೆ ಕನ್ನಡ ಬಂದರೂ ಇಲ್ಲಿನ ಅಜ್ಜಿಯರ ಕುಂದಾಪ್ರ ಕನ್ನಡ ಮೊದಲ ತಿಂಗಳು ಅರ್ಥ ಆಗಲಿಲ್ಲ. ಸಂಜೆ ಐದಕ್ಕೆ ಫೋನ್ ಬರುತ್ತದೆ, ಇವತ್ತು ಎಷ್ಟು ಪಾಲಿಸಿ ಮಾಡಿಸಿದಿರಿ ಅಂತ. ಯಾರ ಮನೆಯಲ್ಲಿ ಏನಾಯಿತು ಅಂತ ಕೇಳುವ ಫೋನ್ ಅಲ್ಲ ಅದು.

ಆದರೆ ಗದ್ದೆಬದಿ ಅವರು ಕೇಳಿದ ಪ್ರಶ್ನೆಗೆ ನಾನೂ ಒಂದು ಉತ್ತರ. ನಾನು ಯಾರ ಮಗ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ, ಅವರು ಯಾರ ಮಗ ಅಂತ ನನಗೂ ಗೊತ್ತಿಲ್ಲ. ಕಾಗದ ಸರಿ ಇದ್ದರೆ ಸಾಲ ಆಗುತ್ತದೆ.

ಗದ್ದೆಬದಿ:
ಅದು ನನಗೆ ಸಾಕು ತಮ್ಮಾ. ಕಾಗದ ಸರಿ ಇಲ್ಲದವರು ಏನು ಮಾಡಬೇಕು ಅನ್ನುವುದು ಮಾತ್ರ ಉಳಿಯಿತು.

ರಥಬೀದಿ:
ಹಳೇ ಲೆಡ್ಜರ್‌ಗಳು ಏನಾದರೂ ಉಳಿದಿವೆಯಾ? ಒಂದೆರಡು ಸಿಕ್ಕಿದರೆ ಕೊಂಡುಕೊಂಡಾದರೂ ಇಟ್ಟುಕೊಳ್ಳಬಹುದಿತ್ತು.

ಹಳೇ ಕ್ಯಾಷಿಯರ್:
ಇರಲಾರದು. ನಿಯಮದ ಪ್ರಕಾರ ಇಂಥ ಪುಸ್ತಕಗಳನ್ನು ಎಂಟು ವರ್ಷ ಇಟ್ಟರೆ ಸಾಕು. ನಮ್ಮ ಕಾಲದ್ದೆಲ್ಲ ಎಂದೋ ಹೋಗಿದೆ. ಇದ್ದರೂ ಅದರಲ್ಲಿ ಗ್ರಾಹಕರ ಲೆಕ್ಕ ಇರುತ್ತದೆ, ಹೊರಗೆ ಕೊಡುವ ಹಾಗಿಲ್ಲ, ಕೇಳಿ ಆ ಹುಡುಗನನ್ನು ಕಷ್ಟಕ್ಕೆ ಸಿಕ್ಕಿಸಬೇಡಿ. ಟೋಕನ್, ಹಳೇ ಬೋರ್ಡು, ಮರದ ಕೌಂಟರ್ ಇದ್ದರೆ ಕೇಳಿ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲೇ ಮ್ಯೂಸಿಯಂ ಮಾಡಿದ್ದಾರೆ. ಹೋಗಿ ನೋಡಿ ಬನ್ನಿ, ಏನೇನು ಇಡಬಹುದು ಅಂತ ಗೊತ್ತಾಗುತ್ತದೆ.

ಕೋಡಿ ಕನ್ಯಾನ:
ಇದರ ಮಧ್ಯೆ ಒಂದು ಕೆಲಸದ ಪ್ರಶ್ನೆ. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೇ ಪಾಸ್‌ಬುಕ್ ಸಿಕ್ಕಿತು. ಬ್ಯಾಂಕೇ ಈಗ ಇಲ್ಲ. ಅದರಲ್ಲಿರುವ ದುಡ್ಡು ಹೋಯಿತಾ?

ಗುಲ್ಬರ್ಗಾದಿಂದ ಬಂದವ:
ಹೋಗಿಲ್ಲ ಸರ್. ಬ್ಯಾಂಕ್ ಸೇರಿಕೊಂಡರೆ ಖಾತೆಯೂ ಹೊಸ ಬ್ಯಾಂಕಿಗೆ ಬಂದಿರುತ್ತದೆ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, 2014ರಿಂದ ಹೀಗಿದೆ. ಆದರೂ ವಾರಸುದಾರರು ಯಾವಾಗ ಬೇಕಾದರೂ ಕೇಳಬಹುದು, ಕೇಳಬೇಕಾದ್ದು ಬ್ಯಾಂಕಿನಲ್ಲೇ. ಮೊದಲು ಉದ್ಗಮ್ ಅನ್ನುವ ರಿಸರ್ವ್ ಬ್ಯಾಂಕ್ ಪೋರ್ಟಲಿನಲ್ಲಿ ಅಜ್ಜಿಯ ಹೆಸರು ಹಾಕಿ ಹುಡುಕಿ. ಹಳೇ ಖಾತೆಗಳಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಹೇಗೆ ಬೇಕಾದರೂ ಇರುತ್ತದೆ, ನಾಲ್ಕೈದು ರೀತಿ ಹಾಕಿ ನೋಡಿ. ಸಿಗದಿದ್ದರೂ ಬಿಡಬೇಡಿ, ಪಾಸ್‌ಬುಕ್, ಅಜ್ಜಿಯ ಮರಣ ಪತ್ರ, ನಿಮ್ಮ ಆಧಾರ್ ಹಿಡಿದು ಬ್ರಾಂಚಿಗೆ ಬನ್ನಿ. ನಾಮಿನಿ ಇಲ್ಲದಿದ್ದರೆ ವಂಶವೃಕ್ಷವೂ ಬೇಕಾಗಬಹುದು. ಈ ತಿಂಗಳೊಳಗೆ ಬಂದರೆ ಹಳೇ ಕಟ್ಟಡಕ್ಕೇ ಬನ್ನಿ, ಎಡಗಡೆ ಮೂರನೇ ಕೌಂಟರ್. ಆಮೇಲೆ ಆದರೆ ಎದುರಿನ ಬ್ರಾಂಚಿನ ಮೊದಲ ಮಹಡಿ, ಲಿಫ್ಟ್ ಇಲ್ಲ.